ವಾರಸಾದಿಂದ ವಾಟ್ನಿವರೆಗೆ: ಆಸ್ತಿ ಕೆಲಸ ನಡೆಯುವಾಗ ಮನೆಯವರಿಗೆಲ್ಲ ಸುದ್ದಿ ಮುಟ್ಟಿಸುವ ಬಗೆ

ಆ ವರ್ಷ ಪಂಚಮಿಗೆ ತಂಗಿ ತವರಿಗೆ ಬರಲಿಲ್ಲ. ಅಪ್ಪ ಹೋದ ವರ್ಷ ಅಂತ ಮನೆಯಲ್ಲಿ ಹಬ್ಬದ ಗದ್ದಲ ಇರಲಿಲ್ಲ. ಆದರೂ ಮಗಳು ಬರುತ್ತಾಳೆ ಅಂತ ಅವ್ವ ಒಂದಿಷ್ಟು ಶೇಂಗಾದ ಉಂಡಿ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಎರಡು ತಾಸು ಸಾಕು. ಮೂರು ದಿನ ಕಾದೆವು. ಅವಳು ಬರಲಿಲ್ಲ, ಫೋನೂ ಎತ್ತಲಿಲ್ಲ.

ಕಾರಣ ಆಮೇಲೆ ಗೊತ್ತಾಯಿತು. ಮೇ ತಿಂಗಳಲ್ಲಿ ಬ್ಯಾಡಗಿಯ ಒಂದು ಮದುವೆಯಲ್ಲಿ ದೂರದ ಸಂಬಂಧಿಕರೊಬ್ಬರು ಅವಳನ್ನು ಕೇಳಿದ್ದರು: "ಏನವಾ, ಹುಬ್ಬಳ್ಳಿ ಮನಿ ಮಾರಾಕತ್ತಾರಂತಲ್ಲ ನಿಮ್ಮಣ್ಣ?" ನಾನು ಮನೆ ಮಾರುವ ಮಾತೇ ಆಡಿರಲಿಲ್ಲ. ಸಿಟಿ ಸರ್ವೆ ದಾಖಲೆಯಲ್ಲಿ ಹೆಸರು ಬದಲಿಸುವ ಮೊದಲು ಜಾಗದ ಅಳತೆ ಸರಿ ಇದೆಯಾ ಅಂತ ಒಬ್ಬರನ್ನು ಕರೆಸಿ ಟೇಪ್ ಹಿಡಿಸಿದ್ದೆ, ಅಷ್ಟೇ. ಓಣಿಯವರು ನೋಡಿದರು. ಮಾತು ಹಾವೇರಿ ಮುಟ್ಟಿತು. ತಂಗಿಗೆ ನಾನು ಮಾತ್ರ ಹೇಳಿರಲಿಲ್ಲ. ಹೇಳುವಂಥದ್ದು ಏನೂ ಆಗಿಲ್ಲ ಅಂತ ನನ್ನ ಲೆಕ್ಕ. ಫೆಬ್ರುವರಿಯಲ್ಲಿ ಅವಳ ಹತ್ತಿರ ವಾರಸಾ ಅರ್ಜಿಗೆ, ಅಂದರೆ ಹೊಲದ ದಾಖಲೆಯಲ್ಲಿ ಅಪ್ಪನ ಹೆಸರು ತೆಗೆದು ನಮ್ಮೆಲ್ಲರ ಹೆಸರು ಸೇರಿಸುವ ಅರ್ಜಿಗೆ, ಸಹಿ ಮಾಡಿಸಿಕೊಂಡು ಬಂದವನು, ಮೂರು ತಿಂಗಳು ಆ ವಿಷಯವಾಗಿ ಒಂದು ಮಾತು ಆಡಿರಲಿಲ್ಲ.

ಅವಳ ಜಾಗದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ? ಅಣ್ಣ ಬಂದ, ಸಹಿ ತಗೊಂಡ, ಸುಮ್ಮನಾದ, ಈಗ ಮನೆ ಅಳೆಸುತ್ತಿದ್ದಾನೆ. ಪಾಲು ಕಡಿಮೆ ಆಯಿತು ಅಂತ ಮುರಿಯುವ ಮನೆಗಳಿಗಿಂತ, ಏನು ನಡೆದಿದೆ ಅಂತ ಗೊತ್ತಾಗದೆ ಮುರಿಯುವ ಮನೆಗಳು ಜಾಸ್ತಿ ಅಂತ ನನಗೆ ಅವತ್ತಿನಿಂದ ಅನಿಸಿದೆ. ಆಸ್ತಿ ಕೆಲಸ ಹಿಡಿದವರು ಏನೂ ಆಗದ ವಾರದಲ್ಲೇ ಜಾಸ್ತಿ ಮಾತಾಡಬೇಕು. ಮುಂದೆ ಬರೆದದ್ದೆಲ್ಲ ಅದನ್ನು ಹೇಗೆ ಮಾಡಬೇಕು ಅನ್ನುವುದರ ಬಗ್ಗೆ. ಕಾಗದಪತ್ರದ ದಾರಿಯನ್ನೂ ಬೇಕಾದಲ್ಲಿ ಹೇಳಿದ್ದೇನೆ.

1. ಎಲ್ಲರೂ ಮನೆಯಲ್ಲಿರುವಾಗಲೇ ಒಂದು ತಾಸು ಕೂತುಕೊಳ್ಳಿ

ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನ, ಪುಣೆ, ಬೆಂಗಳೂರಿಗೆ ಹೋಗುವವರು ಬ್ಯಾಗು ಕಟ್ಟುವ ಮೊದಲು, ವಾರಸುದಾರರು ಮಾತ್ರ ಒಂದು ಕಡೆ ಕೂತುಕೊಳ್ಳಿ. ಅವತ್ತು ಪಾಲಿನ ಮಾತು ಬೇಡ. ತೀರ್ಮಾನ ಆಗಬೇಕಾದದ್ದು ಎರಡೇ. ಕಚೇರಿಗಳಿಗೆ ಓಡಾಡುವವರು ಯಾರು? ಲೆಕ್ಕ ನೋಡುವವರು ಯಾರು? ಈ ಇಬ್ಬರು ಬೇರೆ ಬೇರೆ ಇರಲಿ. ನಮ್ಮಲ್ಲಿ ಓಡಾಟ ನನ್ನದಾಯಿತು, ಲೆಕ್ಕ ನೋಡುವುದು ಪುಣೆಯಲ್ಲಿರುವ ತಮ್ಮನದಾಯಿತು. ದೂರ ಇರುವವರಿಗೆ ಲೆಕ್ಕ ಕೊಟ್ಟರೆ ಅವರಿಗೂ ಕೆಲಸದಲ್ಲಿ ಕೈ ಇದ್ದಂತಾಗುತ್ತದೆ.

ಆಮೇಲೆ ವಾರಸುದಾರರ ಪಟ್ಟಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ತೀರಿಕೊಂಡ ಗಂಡಸು ಮೃತ್ಯುಪತ್ರ, ಅಂದರೆ ವಿಲ್, ಬರೆದಿಡದೆ ಹೋಗಿದ್ದರೆ ಅವರು ಸ್ವಂತ ಗಳಿಸಿದ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತೀರಿಕೊಂಡವರ ತಾಯಿ ಬದುಕಿದ್ದರೆ ಅವರನ್ನು ಬಹಳ ಜನ ಮರೆತುಬಿಡುತ್ತಾರೆ. ಅಪ್ಪನಿಗಿಂತ ಮೊದಲೇ ತೀರಿಕೊಂಡ ನಿಮ್ಮ ಅಣ್ಣನೋ ತಮ್ಮನೋ ಇದ್ದರೆ ಅವರ ಹೆಂಡತಿ, ಮಕ್ಕಳೂ ಪಟ್ಟಿಯಲ್ಲಿ ಬರುತ್ತಾರೆ. ತೀರಿಕೊಂಡ ಅಕ್ಕತಂಗಿಯರ ಮಕ್ಕಳೂ ಅಷ್ಟೇ. ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಆದರೆ ಅಲ್ಲಿಯೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕಿದೆ. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ಮುಸ್ಲಿಂ, ಕ್ರೈಸ್ತ ಮನೆತನಗಳಿಗೆ ಅವರವರ ಕಾನೂನು. ಪಾಲಿನ ಲೆಕ್ಕ ಬೇರೆಯಾದರೂ ಸುದ್ದಿ ಮುಟ್ಟಿಸುವ ಕೆಲಸ ಎಲ್ಲ ಮನೆಯಲ್ಲೂ ಒಂದೇ.

ಪಟ್ಟಿಯಲ್ಲಿ ಇರುವವರದಷ್ಟೇ ಒಂದು ವಾಟ್ಸಾಪ್ ಗ್ರೂಪ್ ಮಾಡಿ. ಅಳಿಯಂದಿರು, ಸೊಸೆಯಂದಿರು ಅದರಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರಿಂದ ಮುಚ್ಚಿಡಬೇಕು ಅಂತಲ್ಲ, ಗಂಡನೋ ಹೆಂಡತಿಯೋ ಅವರಿಗೆ ಹೇಳಿಯೇ ಹೇಳುತ್ತಾರೆ, ಹೇಳಲಿ. ಆದರೆ ಹತ್ತು ಜನ ಇರುವ ಗ್ರೂಪಿನಲ್ಲಿ ಒಂದು ಪ್ರಶ್ನೆಗೆ ಹನ್ನೆರಡು ಉತ್ತರ ಬರುತ್ತವೆ.

ಮರಣ ಪ್ರಮಾಣಪತ್ರದ ಕೆಲಸವೂ ಈ ದಿನಗಳಲ್ಲೇ. 21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ಅಲ್ಲಿಂದ ಮುಂದೆ ತಡ ಆದಷ್ಟೂ ಶುಲ್ಕ, ಅನುಮತಿ ಅಂತ ಬೆಳೆಯುತ್ತದೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಅರ್ಜಿ ಕೊಡುವ ಮುಂಚೆ ಅಪ್ಪನ ಹೆಸರನ್ನು ಆಧಾರ್, ಉತಾರ (ಹೊಲದ ಪಹಣಿ), ಪಾಸ್‌ಬುಕ್ ಮೂರರಲ್ಲೂ ನೋಡಿ. ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ. ಪ್ರಮಾಣಪತ್ರ ಕೈಗೆ ಬಂದ ದಿನವೇ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಕೆಲಸಕ್ಕೆ ಬೇಕೋ ಬೇಡವೋ, ಕೊಡಿ.

2. ತಿಜೋರಿ ಎಲ್ಲರ ಮುಂದೆ ತೆಗೆಯಿರಿ

ಇದನ್ನು ನಮಗೆ ಹೇಳಿಕೊಟ್ಟವರು ಕಾಕಾ. "ಮೂವರೂ ಇದ್ದಾಗ ತಿಜೋರಿ ತೆಗೀರಿ, ಕೀಲಿ ಕೈ ನಿಮ್ಮವ್ವ ತಿರುವಲಿ" ಅಂದರು. ಹಾಗೇ ಮಾಡಿದೆವು.

ಮೇಲಿನ ಖಾನೆಯಲ್ಲಿ ಅವ್ವನ ಇಲಕಲ್ ಸೀರೆ. ಒಳಗಿನ ಲಾಕರಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಎಲ್‌ಐಸಿ ಬಾಂಡು, ಹೊಲದ ಹಳೇ ಖರೀದಿ ಪತ್ರ, ಪಿಂಚಣಿ ಕಾಗದ, ನಾಲ್ಕು ಪಾಸ್‌ಬುಕ್, ಊರಿನ ಸೊಸೈಟಿಯ ಶೇರಿನ ರಸೀದಿ. ಎಲ್ಲಕ್ಕಿಂತ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ಗಿರವಿ ಚೀಟಿ. ಅವ್ವನ ಬೋರಮಾಳದ್ದು, ಕೊರಳಿನ ಬಂಗಾರದ ಸರದ್ದು. ನಮ್ಮ ಮೂವರಿಗೂ ಗೊತ್ತೇ ಇರಲಿಲ್ಲ. ತಂಗಿ ನನ್ನ ಮುಖ ನೋಡಿದಳು, ನಾನು ತಮ್ಮನ ಮುಖ ನೋಡಿದೆ. ಅವ್ವ ಕಾಟಿನ ಮೇಲೆ ಕೂತಲ್ಲಿಂದಲೇ ಹೇಳಿದಳು: "ಅದು ಸಣ್ಣಾವನ ಕಾಲೇಜ್ ಫೀಜಿಗೆ ಇಟ್ಟಿದ್ದು. ನಾನ ಬಿಚ್ಚಿ ಕೊಟ್ಟೇನಿ." ಅಪ್ಪ ವರ್ಷವರ್ಷ ಬಡ್ಡಿ ಕಟ್ಟಿ ಅದನ್ನು ಹೊಸದು ಮಾಡಿಸುತ್ತ ಬಂದಿದ್ದರು.

ಅವತ್ತು ನಾನೊಬ್ಬನೇ ತಿಜೋರಿ ತೆಗೆದಿದ್ದರೆ, ಬೋರಮಾಳ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಜೀವನಪೂರ್ತಿ ನನ್ನ ಬೆನ್ನಿಗಿರುತ್ತಿತ್ತು. ಚೀಟಿ ತೋರಿಸಿದರೂ ನಂಬುವುದು ಕಷ್ಟ.

ಹಾಗಾಗಿ, ಒಂದೊಂದೇ ವಸ್ತು ತೆಗೆದು ಕಾಟಿನ ಮೇಲೆ ಇಡಿ, ಫೋಟೋ ತೆಗೆಯಿರಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕೆಳಗೆ ಎಲ್ಲರೂ ಸಹಿ ಮಾಡಿ. ಬರಲಾಗದವರು ವಿಡಿಯೋ ಕಾಲಿನಲ್ಲಿ ಇರಲಿ. ಮೃತ್ಯುಪತ್ರ ಸಿಕ್ಕರೆ ಮೊದಲ ಪುಟದಿಂದ ಸಾಕ್ಷಿಗಳ ಸಹಿ ಇರುವ ಪುಟದವರೆಗೆ ಎಲ್ಲವನ್ನೂ ಆಗಲೇ ಎಲ್ಲರಿಗೂ ಕಳಿಸಿ. ಅದು ಬಿಳಿ ಹಾಳೆಯ ಮೇಲೆ ಇದ್ದರೂ, ನೋಂದಣಿ ಆಗಿರದಿದ್ದರೂ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಅದಕ್ಕೆ ಬೆಲೆ ಇದೆ. "ವಕೀಲರಿಗೆ ತೋರಿಸಿ ಆಮೇಲೆ ಹೇಳೋಣ" ಅಂತ ಒಂದು ವಾರ ಇಟ್ಟುಕೊಂಡರೂ ಆ ವಾರದ ಲೆಕ್ಕ ಕೇಳುವವರು ಇರುತ್ತಾರೆ.

ಪಾಸ್‌ಬುಕ್ಕಿನ ಮೇಲಿನ ಹೆಸರು ನೋಡಿ ಗಾಬರಿ ಆಗಬೇಡಿ. ಅಪ್ಪನ ಒಂದು ಪಾಸ್‌ಬುಕ್ಕಿನ ಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತಿತ್ತು, ಅದು 2020ರಲ್ಲೇ ಕೆನರಾ ಬ್ಯಾಂಕಿನಲ್ಲಿ ಸೇರಿದೆ. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಹೋದವು. ಧಾರವಾಡದ ನಮ್ಮ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಸೊಸೈಟಿಯ ರಸೀದಿಯನ್ನು ಹಗುರಾಗಿ ನೋಡಬೇಡಿ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ ಸೀಮೆ ಇದು. ನಮ್ಮ ಕಡೆ ಸೊಸೈಟಿಯಲ್ಲಿ ಶೇರು, ಠೇವಣಿ, ಬೆಳೆಸಾಲ ಏನೂ ಇಲ್ಲದ ರೈತರ ಮನೆ ಕಡಿಮೆ. ಹತ್ತು ವರ್ಷ ಮುಟ್ಟದೆ ಬಿಟ್ಟ ಬ್ಯಾಂಕ್ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಬಹುದು.

ತೀರಿಕೊಂಡವರು ಇನ್ನೂ 55 ದಾಟಿರದಿದ್ದರೆ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಟಾವಾಗಿದೆಯಾ ಅಂತ ಬೆರಳಿಟ್ಟು ಹುಡುಕಿ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, 2 ಲಕ್ಷ ರೂಪಾಯಿ ಬರುತ್ತದೆ. 20 ರೂಪಾಯಿ ಕಟಾವು ಕಂಡರೆ ಅದು ಅಪಘಾತ ವಿಮೆ.

3. ವಂಶಾವಳಿಯ ಕರಡು ಮೊದಲು ಮನೆಯವರಿಗೆ, ಆಮೇಲೆ ಕಚೇರಿಗೆ

ವಾರಸಾಕ್ಕೆ ವಂಶಾವಳಿ ಬೇಕೇ ಬೇಕು. ಅದನ್ನು ಬರೆದು ನಾಡ ಕಚೇರಿಗೆ ಕೊಡುವ ಮೊದಲು ಗ್ರೂಪಿಗೆ ಹಾಕಿ. "ನಿಮ್ಮ ಹೆಸರು, ವಯಸ್ಸು ಸರಿ ಇದೆಯಾ ನೋಡಿ ತಿಳಿಸಿ, ಶನಿವಾರದವರೆಗೆ ಕಾಯುತ್ತೇನೆ" ಅಂತ ಬರೆಯಿರಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತವರಿನ ಅಡ್ಡಹೆಸರು ಒಂದು, ಗಂಡನ ಮನೆಯ ಅಡ್ಡಹೆಸರು ಇನ್ನೊಂದು. ಕೆಲವರಿಗೆ ಮದುವೆಯಲ್ಲಿ ಹೆಸರೇ ಬದಲಾಗಿರುತ್ತದೆ. ಆಧಾರಿನಲ್ಲಿ ಇರುವ ಹೆಸರು ಯಾವುದು ಅಂತ ಅವರೇ ಹೇಳಬೇಕು. ನನ್ನ ತಂಗಿಯ ಹೆಸರಿನಲ್ಲಿ ಒಂದು ದೀರ್ಘ ತಪ್ಪಿ, ಅರ್ಜಿ ತಿದ್ದಿಸಲು ಮತ್ತೆ ಹೋಗಬೇಕಾಯಿತು. ಕರಡು ಕಳಿಸಿದ್ದರೆ ಎರಡು ನಿಮಿಷದ ಕೆಲಸ.

"ಅಕ್ಕತಂಗಿಯರ ಹೆಸರು ಯಾಕೆ, ಅವರಿಗೆ ಮದುವಿ ಮಾಡಿ ಕೊಟ್ಟೇವಲ್ಲ" ಅನ್ನುವ ಹಿರಿಯರು ಇನ್ನೂ ಸಿಗುತ್ತಾರೆ. ಕೇಳಬೇಡಿ. ಹೆಸರು ಬಿಟ್ಟ ವಂಶಾವಳಿ ಸುಳ್ಳು ದಾಖಲೆ. ಮುಂದೆ ಹೊಲದ ಮೇಲೆ ಸಾಲ ತೆಗೆಯುವಾಗಲೋ ಮಾರುವಾಗಲೋ ಅದು ಎದ್ದು ಬರುತ್ತದೆ. ಅದಕ್ಕಿಂತ ಮುಂಚೆ ಒಬ್ಬ ತಂಗಿಯ ಮನಸ್ಸು ಮುರಿದಿರುತ್ತದೆ.

4. ಸುದ್ದಿಗೆ ಒಂದು ದಿನ ಗೊತ್ತು ಮಾಡಿ

ಪಂಚಮಿ ಆದಮೇಲೆ ನಾನು ಎಲ್ಲ ಕಾಗದ ಒಂದು ಫೈಲಿಗೆ ಹಾಕಿಕೊಂಡು ಹಾವೇರಿಗೆ ಹೋದೆ. ಉಂಡಿ ಡಬ್ಬಿಯನ್ನೂ ಒಯ್ದೆ. ತಂಗಿಯ ಮನೆಯ ಪಡಸಾಲೆಯಲ್ಲಿ ಕಾಗದ ಹರಡಿ ಯಾವುದು ಎಲ್ಲಿಗೆ ಬಂದಿದೆ ಅಂತ ಒಂದೊಂದೇ ಹೇಳಿದೆ. ತಪ್ಪಾಯಿತು ಅಂತಲೂ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ಏನೂ ಆಗಿಲ್ಲಂತ ಹೇಳಾಕ ಒಂದ್ ಫೋನ್ ಮಾಡಾಕ ಬರ್ತಿದ್ದಿಲ್ಲೇನು ಅಣ್ಣಾ?"

ಅವತ್ತೇ ದಿನ ಗೊತ್ತು ಮಾಡಿದೆವು. ಪ್ರತಿ ಹುಣ್ಣಿಮೆ, ಅಮವಾಸ್ಯೆಗೆ ಒಂದು ಸುದ್ದಿ. ಅವ್ವನಿಗೆ ತಾರೀಕು ನೆನಪಿರುವುದಿಲ್ಲ, ಹುಣ್ಣಿಮೆ ಅಮವಾಸ್ಯೆ ಮರೆಯುವುದಿಲ್ಲ. ನಾನು ಮರೆತರೆ ಅವಳು ನೆನಪಿಸುತ್ತಿದ್ದಳು. ನಿಮ್ಮ ಮನೆಗೆ ಭಾನುವಾರ ಹೊಂದಿದರೆ ಭಾನುವಾರ ಇಡಿ. ದಿನ ತಪ್ಪಬಾರದು, ಅಷ್ಟೇ.

ನಾನು ಕಳಿಸುತ್ತಿದ್ದ ಸುದ್ದಿ ಹೀಗಿರುತ್ತಿತ್ತು:

"ಹೊಲ: ವಾರಸಾ ಅರ್ಜಿ ಇನ್ನೂ ನೋಟಿಸಿನ ಹಂತದಲ್ಲೇ ಇದೆ. ಈ ಹದಿನೈದು ದಿನದಲ್ಲಿ ಏನೂ ಮುಂದೆ ಹೋಗಿಲ್ಲ. ಸೋಮವಾರ ಹೋಗಿದ್ದೆ, ಸಾಹೇಬರು ಇರಲಿಲ್ಲ. ಗುರುವಾರ ಮತ್ತೆ ಹೋಗುತ್ತೇನೆ.
ಮನೆ: ಸಿಟಿ ಸರ್ವೆ ಅರ್ಜಿಗೆ ಇನ್ನೊಂದು ಅಫಿಡವಿಟ್ ಕೇಳಿದ್ದಾರೆ. ಕರಡು ಕೆಳಗೆ ಹಾಕಿದ್ದೇನೆ, ಓದಿ.
ಬ್ಯಾಂಕ್: ಕೊನೆಯ ನಂಬರ್ 4417ರ ಠೇವಣಿ ಅವ್ವನ ಖಾತೆಗೆ ಜಮಾ ಆಯಿತು. ಎಂಟ್ರಿ ಫೋಟೋ ಹಾಕಿದ್ದೇನೆ.
ಖರ್ಚು: ಈ ಸಲ 640 ರೂಪಾಯಿ.
ಯಾರಿಂದ ಏನು ಬೇಕು: ತಮ್ಮ, ನಿನ್ನ ಎರಡು ಫೋಟೋ. ಬೇರೆ ಯಾರಿಂದಲೂ ಏನೂ ಬೇಡ."

ಐದು ಸಾಲು. ಪ್ರತಿ ಸಲ ಅದೇ ಐದು ತಲೆಬರಹ, ಅದೇ ಕ್ರಮ. ಏನೂ ಆಗದಿದ್ದರೆ "ಏನೂ ಆಗಿಲ್ಲ, ಮುಂದೆ ಇಂಥ ದಿನ ಹೋಗುತ್ತೇನೆ" ಅಂತಲೇ ಬರೆಯಿರಿ. ಒಬ್ಬರಿಗೆ ಫೋನಿನಲ್ಲಿ ಒಂದು ಮಾತು, ಇನ್ನೊಬ್ಬರಿಗೆ ಮೆಸೇಜಿನಲ್ಲಿ ಇನ್ನೊಂದು ಮಾತು ಆಗಬಾರದು. ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಶಬ್ದದಲ್ಲಿ ಹೋಗಲಿ. ಆಧಾರ್ ಫೋಟೋ, ಪೂರ್ತಿ ಖಾತೆ ನಂಬರ್, ಓಟಿಪಿ ಮಾತ್ರ ಗ್ರೂಪಿಗೆ ಹಾಕಬೇಡಿ. ಕೊನೆಯ ನಾಲ್ಕು ಅಂಕಿ ಸಾಕು.

ಅವ್ವನ ವಿಷಯದಲ್ಲಿ ನಮ್ಮ ಮನೆಯ ನಿಯಮ ಬೇರೆ ಇತ್ತು. ಗ್ರೂಪಿಗೆ ಹಾಕುವ ಮುಂಚೆ ಅವಳ ಪಕ್ಕ ಕೂತು ಓದಿ ಹೇಳುವುದು. ಎಲ್ಲರಿಗಿಂತ ಮೊದಲು ಗೊತ್ತಾಗಬೇಕಾದವಳು ಅವಳು. ಆದರೆ ಬಹಳ ಮನೆಗಳಲ್ಲಿ ಕೊನೆಗೆ ಗೊತ್ತಾಗುವುದೇ ತಾಯಿಗೆ. "ಅವ್ವಗ ಏನ್ ತಿಳೀತದ" ಅನ್ನುತ್ತಾರೆ. ಬೋರಮಾಳದ ಲೆಕ್ಕ ಯಾರಿಗೆ ಗೊತ್ತಿತ್ತು ಮತ್ತೆ?

5. ಶಬ್ದಗಳ ಅರ್ಥ ಬಿಡಿಸಿ ಹೇಳಿ

ಜಗಳ ಹುಟ್ಟುವ ದೊಡ್ಡ ಜಾಗ ಇದು. ವಾರಸಾ ಬೇರೆ, ವಾಟ್ನಿ ಬೇರೆ. ಉತಾರದಲ್ಲಿ ತೀರಿಕೊಂಡವರ ಹೆಸರು ಹೋಗಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುವುದು ವಾರಸಾ. ಕಚೇರಿಯವರು ಪೌತಿ ಖಾತೆ ಅನ್ನುತ್ತಾರೆ. ಯಾರ ಪಾಲಿಗೆ ಯಾವ ತುಂಡು ಅಂತ ಹಂಚಿಕೊಳ್ಳುವುದು ವಾಟ್ನಿ. 1964ರ ಭೂ ಕಂದಾಯ ಕಾಯ್ದೆ ಪ್ರಕಾರ ಹಕ್ಕು ಬಂದ ಮೂರು ತಿಂಗಳಲ್ಲಿ ಅದನ್ನು ವರದಿ ಮಾಡಬೇಕು. ಅರ್ಜಿ ಕೊಟ್ಟ ಮೇಲೆ ನೋಟಿಸ್ ಹೊರಡುತ್ತದೆ, ತಕರಾರು ಹೇಳಲು ಅವಧಿ ಇರುತ್ತದೆ. ತಕರಾರು ಇಲ್ಲದಿದ್ದರೆ ಎಂ.ಆರ್., ಅಂದರೆ ಹಕ್ಕು ಬದಲಾವಣೆಯ ನಮೂದು, ಆಗಿ ಉತಾರದಲ್ಲಿ ಹೆಸರು ಬರುತ್ತದೆ.

ಆ ನೋಟಿಸ್ ತಂಗಿಯ ಮನೆಗೆ ಬಂದಾಗ "ಅಣ್ಣ ನನ್ನ ಮೇಲೆ ಕೇಸ್ ಹಾಕಿದ" ಅಂದುಕೊಂಡವರನ್ನು ನಾನು ನೋಡಿದ್ದೇನೆ. ಮೊದಲೇ ಹೇಳಿಬಿಡಿ: "ಇಂಥ ಒಂದು ನೋಟಿಸ್ ಬರುತ್ತದೆ, ಎಲ್ಲರಿಗೂ ಬರುತ್ತದೆ, ನನಗೂ ಬರುತ್ತದೆ." ಅರ್ಜಿ ಎಲ್ಲಿಗೆ ಬಂದಿದೆ ಅಂತ ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್, ಹಿಸ್ಸಾ ಹಾಕಿ ಯಾರು ಬೇಕಾದರೂ ನೋಡಬಹುದು. ತಮ್ಮನಿಗೆ ಅದನ್ನು ತೋರಿಸಿಕೊಟ್ಟ ಮೇಲೆ ಅವನು ಪುಣೆಯಲ್ಲಿ ಕೂತು ನನಗಿಂತ ಮುಂಚೆ ನೋಡುತ್ತಿದ್ದ. ಹೊಸ ಉತಾರ ಬಂದಾಗ 9ನೇ ಕಾಲಂನಲ್ಲಿ ಎಲ್ಲರ ಹೆಸರು, 11ನೇ ಕಾಲಂನಲ್ಲಿ ಬ್ಯಾಂಕು, ಸೊಸೈಟಿಯ ಬೋಜಾ (ಸಾಲದ ಹೊರೆ) ಏನಿದೆ ಅಂತ ಗುರುತು ಹಾಕಿ ಕಳಿಸಿ. ಬೋಜಾ ಇದ್ದರೆ ಮುಚ್ಚಿಡಬೇಡಿ. ಅಪ್ಪನ ಸಾಲ ಮಕ್ಕಳ ಸ್ವಂತ ದುಡಿಮೆಯ ಮೇಲೆ ಬೀಳುವುದಿಲ್ಲ, ಅವರಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ. ಇದನ್ನು ಹೇಳಿದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಇನ್ನೊಂದು ಶಬ್ದ ನಾಮಿನಿ. ಬ್ಯಾಂಕ್ ಠೇವಣಿ, ಶೇರುಗಳ ವಿಷಯದಲ್ಲಿ ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವರು, ಮಾಲೀಕರಲ್ಲ. ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ನಮ್ಮಲ್ಲಿ ಒಂದು ಠೇವಣಿಗೆ ನಾನೇ ನಾಮಿನಿ ಇದ್ದೆ. ಹಣ ಬಂದ ದಿನ "ಇದು ನನ್ನದಲ್ಲ, ನಾಲ್ವರದು, ವಾಟ್ನಿ ಆಗುವವರೆಗೆ ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ" ಅಂತ ಬರೆದು ಪಾಸ್‌ಬುಕ್ ಫೋಟೋ ಹಾಕಿದೆ. ಕಾಗದ ಪೂರ್ತಿ ಕೊಟ್ಟ 15 ದಿನದಲ್ಲಿ ಬ್ಯಾಂಕು ಹಣ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಕಾಗದ ಕೊಟ್ಟ ದಿನದ ಸ್ವೀಕೃತಿ ತೆಗೆದುಕೊಂಡು ಅದರ ಫೋಟೋ ಕೂಡ ಹಾಕಿ.

6. ದುಡ್ಡಿನ ಲೆಕ್ಕ ಅವತ್ತಿಂದು ಅವತ್ತೇ

ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಕಾರ್ಯದ ಖರ್ಚಿಗೇ ಆದರೂ ಬೇಡ. ಅದು ತಪ್ಪು, ಮತ್ತು ಸ್ಟೇಟ್‌ಮೆಂಟಿನಲ್ಲಿ ತಾರೀಕು ಸಮೇತ ಕೂತಿರುತ್ತದೆ. ಪಿಂಚಣಿ ಇದ್ದರೆ ಬ್ಯಾಂಕಿಗೆ ಕೂಡಲೇ ತಿಳಿಸಿ. ಸಾವಿನ ನಂತರ ತಪ್ಪಿ ಜಮಾ ಆದ ಪಿಂಚಣಿ ವಾಪಸ್ ಹೋಗುತ್ತದೆ, ಅದನ್ನು ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳಿ. ತಾಯಿಗೆ ಕುಟುಂಬ ಪಿಂಚಣಿ ಬರುವುದಿದ್ದರೆ ಅದು ಅವರದೇ, ಪಾಲಿನ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಹೇಳಿ.

ಒಂದು ಉದ್ದ ನೋಟ್‌ಬುಕ್ ಸಾಕು. ತಾರೀಕು, ಯಾವುದಕ್ಕೆ, ಎಷ್ಟು, ಯಾರ ಕೈಯಿಂದ. ಝೆರಾಕ್ಸ್ 30 ರೂಪಾಯಿ ಇದ್ದರೂ ಬರೆಯಿರಿ. ರಸೀದಿ ಇಲ್ಲದ ಖರ್ಚಿಗೆ "ರಸೀದಿ ಇಲ್ಲ" ಅಂತಲೇ ಬರೆಯಿರಿ. ತಿಂಗಳಿಗೊಮ್ಮೆ ಆ ಪುಟದ ಫೋಟೋ ಲೆಕ್ಕ ನೋಡುವವರಿಗೆ ಹೋಗಲಿ.

ಹೊಲದ ಆದಾಯ ಬಹಳ ಜನ ಮರೆಯುವ ಲೆಕ್ಕ. ವಾರಸಾ, ವಾಟ್ನಿ ಆಗುವವರೆಗೆ ವರ್ಷ ಕಳೆಯಬಹುದು, ಅಷ್ಟರಲ್ಲಿ ಒಂದು ಮುಂಗಾರಿ, ಒಂದು ಹಿಂಗಾರಿ ಬಂದು ಹೋಗುತ್ತದೆ. ಗದಗ ಸೀಮೆಯ ನಮ್ಮ ಆರು ಎಕರೆಯಲ್ಲಿ ಹೆಸರುಕಾಳಿನ ಬೆಳೆ ತೆಗೆದು ಕಡಲೆ ಹಾಕುತ್ತಿದ್ದರು. ಹೊಲ ಲಾವಣಿಗೆ, ಅಂದರೆ ಗೊತ್ತಾದ ಹಣಕ್ಕೆ, ಹಾಕಿದ್ದರೆ ಎಷ್ಟಕ್ಕೆ, ಯಾರಿಗೆ, ಯಾವಾಗ ಹಣ ಬರುತ್ತದೆ ಅಂತ ಬರೆಯಿರಿ. ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಹಾಕಿದ್ದರೆ ಎಷ್ಟು ಚೀಲ ಬಂತು, ಅದರಲ್ಲಿ ಮನೆಗೆ ಎಷ್ಟು ಇಟ್ಟುಕೊಂಡಿರಿ, ಎಷ್ಟು ಮಾರಿದಿರಿ ಅಂತ ಬರೆಯಿರಿ. ಮಾರುಕಟ್ಟೆಯಲ್ಲಿ ಕೊಟ್ಟ ಪಟ್ಟಿಯ ಫೋಟೋ ಕಳಿಸಿ. ಹಮಾಲಿ, ತೂಕ, ಚೀಲದ ಲೆಕ್ಕ ಎಲ್ಲ ಅದರಲ್ಲೇ ಇರುತ್ತದೆ. ನಾನು ಕಡಲೆ ಮಾರಿದ ಪಟ್ಟಿ ಹಾಕಿದಾಗ ತಂಗಿ ಹಣ ಕೇಳಲಿಲ್ಲ, "ಐದ್ ಕಿಲೋ ಕಡ್ಲಿ ನನಗೂ ಇಡು" ಅಂದಳು. ಅಪ್ಪ ಪ್ರತಿ ವರ್ಷ ಅವಳಿಗೆ ಕಳಿಸುತ್ತಿದ್ದ ಚೀಲ ಅದು. ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಗಾಡಿ, ಕರೆಂಟು, ನೀರಿನ ಸುದ್ದಿ ಒಂದೊಂದು ಸಾಲು ಸಾಕು. ಗಾಡಿ ಇದ್ದರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ವರ್ಗಾವಣೆ ಅರ್ಜಿ ಕೊಡಬೇಕು. ಹೆಸ್ಕಾಂ ಮೀಟರಿನ ಹೆಸರು ಬದಲಾವಣೆ ವಾಟ್ನಿ ಆದಮೇಲೆ ಮಾಡಿದರೂ ನಡೆಯುತ್ತದೆ, ಆದರೆ ಬಿಲ್ ಯಾರು ಕಟ್ಟುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿರಲಿ.

7. ಸಹಿಗಿಂತ ಒಂದು ವಾರ ಮುಂಚೆ ಕಾಗದ

"ಸುಮ್ನೆ ಒಂದ್ ಸಹಿ ಮಾಡವಾ, ಫಾರ್ಮಾಲಿಟಿ ಐತಿ." ಈ ಮಾತನ್ನು ನಿಮ್ಮ ಬಾಯಿಂದ ಯಾವತ್ತೂ ಆಡಬೇಡಿ. ನಾನು ಆಡಿದ್ದೆ.

ಹಕ್ಕುಸೋಡ ಪತ್ರ ಅಂದರೆ ಒಬ್ಬರು ತಮ್ಮ ಹಕ್ಕನ್ನೇ ಬಿಟ್ಟುಕೊಡುವ ಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಹತ್ತಿರ ಅದನ್ನು ಮೊದಲ ಸಲ ಕೈಗಿಡುವುದು ಅನ್ಯಾಯ. ಅದಾಗಲಿ, ವಾಟ್ನಿ ಪತ್ರವಾಗಲಿ, ಬ್ಯಾಂಕಿನ ಒಪ್ಪಿಗೆ ಪತ್ರವಾಗಲಿ, ಒಂದು ವಾರ ಮುಂಚೆ ಮನೆಗೆ ಮುಟ್ಟಿಸಿ. ಜೊತೆಗೆ ನಾಲ್ಕು ಸಾಲು ನಿಮ್ಮ ಕೈಯಲ್ಲಿ ಬರೆದಿಡಿ: ಇದಕ್ಕೆ ಸಹಿ ಮಾಡಿದರೆ ನಿನ್ನ ಹಕ್ಕಿನಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ. ತಂಗಿ ಅದನ್ನು ಅವಳ ಗಂಡನಿಗೆ ತೋರಿಸಲಿ, ಬೇರೆ ವಕೀಲರಿಗೆ ತೋರಿಸಲಿ. "ನನ್ನ ಮೇಲೆ ನಂಬಿಕೆ ಇಲ್ಲೇನು?" ಅಂತ ಕೇಳಬೇಡಿ. ತೋರಿಸು ಅಂತ ನೀವೇ ಹೇಳಿ. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಜೋರಾಗಿ ಪೂರ್ತಿ ಓದಿ ಹೇಳಿ, ಇನ್ನೊಬ್ಬರು ಪಕ್ಕದಲ್ಲಿರಲಿ. ಹೆಬ್ಬೆಟ್ಟು ಆಮೇಲೆ.

8. ಮಾತು ಬಿಸಿಯಾದರೆ

ಗ್ರೂಪಿನಲ್ಲಿ ಒಬ್ಬರು ಸಿಟ್ಟಿನಿಂದ ಬರೆದರೆ ಅಲ್ಲೇ ಉತ್ತರ ಕೊಡಬೇಡಿ. "ಓದಿದೆ, ಸಂಜೆ ಫೋನ್ ಮಾಡುತ್ತೇನೆ" ಅಂತ ಹಾಕಿ, ಮಾಡಿ. ಮಾತಾಡಿ ಬಗೆಹರಿದದ್ದನ್ನು ಎರಡು ಸಾಲಿನಲ್ಲಿ ಗ್ರೂಪಿಗೆ ಹಾಕಿ, ಉಳಿದವರಿಗೂ ಗೊತ್ತಾಗಲಿ. ಉತ್ತರವೇ ಕೊಡದವರಿಗೆ ಅದೇ ಸುದ್ದಿಯನ್ನು ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟರ್ ಮಾಡಿ ಕಳಿಸಿ. ಗ್ರೂಪಿನಿಂದ ಯಾರನ್ನೂ ತೆಗೆಯಬೇಡಿ. ಕೋರ್ಟಿಗೆ ಹೋದರೂ ಖರ್ಚಿನ ಲೆಕ್ಕ, ಹೊಲದ ಪಟ್ಟಿ ಅವರಿಗೂ ಹೋಗುತ್ತಿರಲಿ. ಮನೆಯವರಲ್ಲೇ ಬಗೆಹರಿಯದಿದ್ದರೆ ಎರಡೂ ಕಡೆಗೆ ಬೇಕಾದ ಒಬ್ಬ ಹಿರಿಯರನ್ನು ಕರೆಯಿರಿ. ನಮ್ಮಲ್ಲಿ ಕಾಕಾ ಇದ್ದರು. ಅವರಿಗೆ ಕಥೆ ಹೇಳುವ ಬದಲು ಫೈಲನ್ನೇ ಕೊಟ್ಟೆವು, ಓದಿಕೊಂಡು ಬಂದರು.

9. ಮುಗಿದ ದಿನ

ವಾಟ್ನಿ ನೋಂದಣಿ ಆಗಿ, ಹೊಸ ಉತಾರಗಳು ಬಂದು, ಠೇವಣಿ ಹಂಚಿಕೆಯಾದ ಮೇಲೆ, ಮರಣ ಪ್ರಮಾಣಪತ್ರದಿಂದ ಕೊನೆಯ ಬ್ಯಾಂಕ್ ಎಂಟ್ರಿವರೆಗೆ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಝೆರಾಕ್ಸ್ ಮಾಡಿಸಿ ಒಬ್ಬೊಬ್ಬರಿಗೂ ಒಂದೊಂದು ಸ್ಪೈರಲ್ ಪುಸ್ತಕ ಮಾಡಿಸಿ ಕೊಡಿ. ಖರ್ಚಿನ ನೋಟ್‌ಬುಕ್ ಲೆಕ್ಕ ನೋಡಿದವರ ಹತ್ತಿರ ಇರಲಿ. ಬೋರಮಾಳವನ್ನು ನಾವು ಮೂವರೂ ಸೇರಿ ಬಿಡಿಸಿದೆವು, ಆ ರಸೀದಿಯೂ ಪುಸ್ತಕದಲ್ಲಿದೆ. ಗ್ರೂಪನ್ನು ಅಳಿಸಬೇಡಿ, ಹಳೇ ಶೇರೋ ವಿಮೆಯೋ ಎರಡು ವರ್ಷದ ಮೇಲೂ ಸಿಗಬಹುದು.

ನಮ್ಮಲ್ಲಿ ಎಲ್ಲ ಮುಗಿದು "ಇನ್ನು ಬಾಕಿ ಏನೂ ಇಲ್ಲ" ಅಂತ ಕೊನೆಯ ಸುದ್ದಿ ಹಾಕಿದೆ. ಮುಂದಿನ ಅಮವಾಸ್ಯೆ ಬಂತು. ಬರೆಯುವಂಥದ್ದು ಇರಲಿಲ್ಲ, ಬರೆಯಲಿಲ್ಲ. ಸಂಜೆ ಏಳರ ಹೊತ್ತಿಗೆ ಹಾವೇರಿಯಿಂದ ಫೋನ್ ಬಂತು.

"ಅಣ್ಣಾ, ಇವತ್ತ ಅಮಾಸಿ. ಸುದ್ದಿ ಹಾಕಲಿಲ್ಲಲ್ಲ?"

"ಎಲ್ಲಾ ಮುಗೀತಲ್ಲವಾ."

"ಗೊತ್ತೈತಿ. ಅವ್ವ ಏನ್ ಮಾಡಾಕತ್ತಾಳ ಅಂತ ಆದ್ರೂ ಹಾಕು."

ಅಡುಗೆಮನೆಗೆ ಹೋಗಿ ನೋಡಿದೆ. ಅವ್ವ ಕಡಲೆ ಆರಿಸುತ್ತ ಕೂತಿದ್ದಳು. ಹಾಗಂತ ಬರೆದು ಹಾಕಿದೆ.